ಹಿತ್ತಲ ಇಂಜಿನ್ನು

ರಾಚಪ್ಪನ ಉಗುರಿನ ಕಪ್ಪು ಹೋಗಲೊಲ್ಲದಾಗಿತ್ತು. ಅಣ್ಣ ಚನಮಲ್ಲಪ್ಪ ಸೀಗೆಪುಡಿ ಹಚ್ಚಿ ತಿಕ್ಕಿದ, ನಿಂಬೆಯ ಹೋಳಿನಿಂದ ಉಜ್ಜಿದ, ಕೊನೆಗೆ ಬೇವಿನ ಕಡ್ಡಿಯ ತುದಿ ಜಜ್ಜಿ ಒಂದೊಂದೇ ಉಗುರಿನ ಸಂದಿಯಲ್ಲಿ ಆಡಿಸಿದ. ಮೈ ತೊಳೆದದ್ದಾಗಿತ್ತು, ಮಡಿ ಉಡಿಸಿದ್ದಾಗಿತ್ತು. ಪಡಸಾಲೆಯ ಗೋಡೆಗೆ ಆನಿಸಿ ಕೂಡಿಸಿ, ಕತ್ತು ವಾಲದ ಹಾಗೆ ಹಣೆಯ ಬಿಳಿ ಪಟ್ಟಿಯನ್ನು ಗೋಡೆಯ ಗೂಟಕ್ಕೆ ಬಿಗಿದಿದ್ದರು. ಇನ್ನು ಆ ಎಡಗೈ ಮೇಲೆ ಇಷ್ಟಲಿಂಗ ಇಡಬೇಕು. ಎಣ್ಣೆಯ ಕಪ್ಪು ಮಾತ್ರ ಚರ್ಮದೊಳಗೆ ಬೇರು ಬಿಟ್ಟ ಹಾಗೆ ಕುಳಿತಿತ್ತು.

"ಇರ್ಲಿ ಬಿಡಪಾ," ಎಂದರು ಮಠದ ಅಯ್ಯನವರು. "ದುಡದ ಕೈ ಅದು. ಶಿವಗ ಗುರ್ತ ಸಿಗತೈತಿ."

ಹೆಂಡತಿ ತಂಗೆವ್ವ ಚರಿಗೆ ಹಿಡಿದು ಆ ಬೆರಳುಗಳ ಮೇಲೆ ನೀರು ಬಿಡುತ್ತ ಕುಳಿತಿದ್ದಳು. ಅವಳ ಕಣ್ಣಿಗೆ ಇನ್ನೂ ನೀರು ಬಂದಿರಲಿಲ್ಲ. ಬೆಳಿಗ್ಗೆ ಸೋಮವಾರದ ಲಿಂಗಪೂಜೆ ಮುಗಿಸಿ, ಅರ್ಧ ಭಾಕರಿ ತಿಂದು ಹಿತ್ತಲಿಗೆ ಹೋಗಿದ್ದ ಮನುಷ್ಯ. ಎದೆ ಹಿಡಿದುಕೊಂಡು ಒಳಗೆ ಬಂದ, ನೀರು ಕೇಳಿದ, ಅವಳು ನೀರು ತರುವುದರೊಳಗೆ ಈಗ ಕುಳಿತಿದ್ದಾನಲ್ಲ, ಅದೇ ಗೋಡೆಗೆ ಆನಿ ಕುಳಿತುಬಿಟ್ಟಿದ್ದ. ಊರೆಲ್ಲ ಬಂದಿತ್ತು. ರಬಕವಿಯಲ್ಲಿ ಈ ನೂಲಿನ ವ್ಯಾಪಾರದವರ ಮನೆಗಿಂತ ದೊಡ್ಡ ಮನೆಗಳು ಕಡಿಮೆ. ಆದರೂ ಕೂಡಲು ಜಾಗ ಸಾಲದೆ ಗಂಡಸರು ಕಟ್ಟೆಯ ಮೇಲೆ ನಿಂತಿದ್ದರು.

ಅಷ್ಟರಲ್ಲಿ ಮೇಲಿನ ಫ್ಯಾನು ನಿಧಾನವಾಯಿತು. ಒಂದೆರಡು ಸುತ್ತು ಸುಮ್ಮನೆ ತಿರುಗಿ ನಿಂತಿತು.

"ಕರೆಂಟ್ ಹೋತು," ಎಂದು ಯಾರೋ ಅಂದರು.

ಆ ಮನೆಯಲ್ಲಿ ಕರೆಂಟು ಹೋದಾಗ ಎಲ್ಲರೂ ರಾಚಪ್ಪನ ಕಡೆಗೆ ನೋಡುವುದು ರೂಢಿ. ಈಗಲೂ ನೋಡಿದರು. ಅವನು ಗೋಡೆಗೆ ಆನಿ ಕುಳಿತೇ ಇದ್ದ.

ತಂಗೆವ್ವನ ಕಿವಿ ಮಾತ್ರ ಒಳಕೋಣೆಯ ಕಡೆಗಿತ್ತು. ಅಲ್ಲಿ ಗುಂಯ್ ಎನ್ನುತ್ತಿದ್ದ ಸಣ್ಣ ಯಂತ್ರದ ಸದ್ದು ನಡುವೆಯೇ ಕಡಿದುಹೋಗಿತ್ತು. ಸ್ವಲ್ಪ ಹೊತ್ತಿಗೆ ನಾಲಗೆಯನ್ನು ಅಂಗುಳಕ್ಕೆ ಬಡಿದ ಸದ್ದು ಕೇಳಿತು. ಟಕ್. ಮತ್ತೊಮ್ಮೆ, ಟಕ್.

ಚರಿಗೆ ಅಲ್ಲಿಯೇ ಇಟ್ಟು ಎದ್ದಳು.

ಒಳಕೋಣೆಯಲ್ಲಿ ಮಗಳು ಮಹಾನಂದಾ ಮಲಗಿದ್ದಳು. ಕುತ್ತಿಗೆಯ ಕೆಳಗೆ ಅವಳ ಮೈಯಲ್ಲಿ ಯಾವುದೂ ಅಲುಗುತ್ತಿರಲಿಲ್ಲ. ಗಂಟಲಿನ ಕುಳಿಯಲ್ಲಿ ಒಂದು ನಳಿಗೆ, ಉಸಿರು ಹೋಗಿಬರುವುದು ಅದರಿಂದಲೇ. ಕೆಮ್ಮುವ ಶಕ್ತಿಯಿಲ್ಲದ್ದರಿಂದ ಕಫ ಅದರಲ್ಲಿಯೇ ಕಟ್ಟುತ್ತಿತ್ತು. ಗಳಿಗೆಗೊಮ್ಮೆ ಯಂತ್ರದಿಂದ ಅದನ್ನು ಎಳೆದು ತೆಗೆಯಬೇಕು. ಮಾತಿಲ್ಲದ ಅವಳು ಕರೆಯುವುದು ನಾಲಗೆ ಬಡಿದು. ನೆರೆಮನೆಯ ಕರೆವ್ವ ಯಂತ್ರದ ರಬ್ಬರ್ ಕೊಳವೆ ಕೈಯಲ್ಲಿ ಹಿಡಿದುಕೊಂಡು ಕಂಗಾಲಾಗಿ ನಿಂತಿದ್ದಳು.

"ಅರ್ಧಾ ಎಳದಿತ್ತು ತಂಗೆವ್ವಾ, ಅಟ್ರಾಗ ಬಂದ್ ಆತು. ಇನ್ನೂ ಗೊರಗೊರ ಅನ್ನಾಕತ್ತೈತಿ."

"ದೊಡ್ಡ ಪಿಚಕಾರಿ ಐತಲ್ಲ, ಅದರಲೆ ಎಳಿ. ತೆಳ್ಳಂದಾರ ಬರತೈತಿ. ನಾ ಬಂದೆ."

ಮಹಾನಂದಾಳ ಕಣ್ಣು ತಾಯಿಯ ಮುಖದಿಂದ ಬಾಗಿಲಿಗೆ ಹೋಯಿತು. ಅಪ್ಪ ಬರುವ ಬಾಗಿಲು ಅದು.

ಹೊರಗೆ ಕಟ್ಟೆಯಿಂದ ಸುದ್ದಿ ಬಂತು. ನಿನ್ನೆ ಸಂಜೆಯ ಬಿರುಗಾಳಿಗೆ ಬನಹಟ್ಟಿಯ ಕಡೆ ಕಂಬಗಳು ವಾಲಿದ್ದವು. "ಕಂಬ ನಿಂದ್ರಸಾಕ ಲೈನ್ ತಗದಾರಂತ. ಸಂಜೀತನಕ ಮರತಬಿಡ್ರಿ."

*

ನಾಲ್ಕು ವರ್ಷದ ಹಿಂದೆ, ಬೀಳಗಿಯಲ್ಲಿ ಗಂಡನ ಮನೆಯ ಮಾಳಿಗೆಯ ಮೇಲೆ ಶಾವಿಗೆ ಒಣಹಾಕಲು ಹೋದವಳು ಮಹಾನಂದಾ. ಬಿದ್ದು ಕತ್ತಿನ ಎಲುಬು ಮುರಿಯಿತು. ಮಿರಜಿನಲ್ಲಿ ಬಹಳ ದಿನ ಇಟ್ಟುಕೊಂಡು ಜೀವ ಉಳಿಸಿದರು. ಗಂಡನ ಮನೆಯವರು ಒಮ್ಮೆ ಬಂದರು, ಎರಡನೆಯ ಸಲ ಅವಳ ಸೀರೆಗಳ ಟ್ರಂಕನ್ನು ಮಾತ್ರ ಕಳಿಸಿದರು. ಡಾಕ್ಟರು ರಾಚಪ್ಪನನ್ನು ಕರೆದು ಯಂತ್ರ ತೋರಿಸಿ, "ಮನಿಗೆ ಒಯ್ಯಬಹುದು. ಆದ್ರ ಕರೆಂಟ್ ತಪ್ಪಬಾರದು" ಎಂದಿದ್ದರು.

ಕರೆಂಟು ತಪ್ಪದ ಊರು ಆ ಸೀಮೆಯಲ್ಲಿ ಯಾವುದಿತ್ತು?

ಚನಮಲ್ಲಪ್ಪ ಧಾರಾಳಿ. ಕೊಲ್ಲಾಪುರಕ್ಕೆ ಹೋಗಿ ಅಂಗಡಿಯಲ್ಲಿ ಕೆಂಪಗೆ ಮಿರಿಮಿರಿ ಮಿಂಚುವ ಜನರೇಟರು ನೋಡಿ ಬಂದ. "ಗುಂಡಿ ಒತ್ತಿದ್ರ ಆತು. ಪಂಪು, ಮಿಕ್ಸರು, ಮದವಿ ಬಂದ್ರ ಲೈಟಿನ ಸರ, ಎಲ್ಲಾ ನಡೀತೈತಿ. ಈ ಮನಿಗೆ ಒಪ್ಪೂ ಹಂಗ ಐತಿ."

ರಾಚಪ್ಪ ಟೋಪಿ ಹಾಕಿಕೊಂಡು ಬಸ್ಸು ಹತ್ತಿದ. ಲೋಕಾಪುರದ ಹಿಟ್ಟಿನ ಗಿರಣಿಗೆ ಹೋದ, ಜಮಖಂಡಿಯ ಬರ್ಫದ ಕಾರ್ಖಾನೆಗೆ ಹೋದ, ಟೂರಿಂಗ್ ಟಾಕೀಸಿನ ಹಿಂದೆ ಜನರೇಟರಿನ ಬಳಿ ಬೀಡಿ ಸೇದುತ್ತ ಕುಳಿತವನ ಪಕ್ಕದಲ್ಲಿ ಕುಳಿತ. ಎಲ್ಲರಿಗೂ ಅವನ ಪ್ರಶ್ನೆ ಒಂದೇ. ನಿಮ್ಮ ಯಂತ್ರ ಎಷ್ಟು ಚೆನ್ನಾಗಿ ನಡೆಯುತ್ತದೆ ಎಂದಲ್ಲ; ಅದು ಕೈಕೊಟ್ಟಾಗ ಯಾಕೆ ಕೈಕೊಟ್ಟಿತು ಎಂದು. ಗುಂಡಿಯ ಯಂತ್ರ ಇಟ್ಟವರೆಲ್ಲ ಬ್ಯಾಟರಿಗೆ ಶಾಪ ಹಾಕಿದರು. ದಿನಾ ನಡೆಯದಿದ್ದರೆ ಅದು ಸುಮ್ಮನೆ ಕುಳಿತಲ್ಲಿಯೇ ಸಾಯುತ್ತದೆ, ಬೇಕಾದ ಹೊತ್ತಿಗೆ ಕೊರಗುಟ್ಟಿ ನಿಲ್ಲುತ್ತದೆ.

ಕೊನೆಗೆ ಅವನು ತಂದದ್ದು ಹೊಲದ ಬಾವಿಯ ಮೇಲೆ ಕೂಡಿಸುತ್ತಾರಲ್ಲ, ಅಂಥದೇ ಕೈಯಿಂದ ತಿರುಗಿಸುವ ಡೀಸೆಲ್ ಇಂಜಿನ್ನು. ಅದಕ್ಕೊಂದು ಡೈನಮೊ ಜೋಡಿಸಿದ್ದರು.

ಚನಮಲ್ಲಪ್ಪನಿಗೆ ಅವಮಾನವಾಯಿತು. "ಇಂಥಾ ಮನಿಗೆ ಕಬ್ಬಿಗೆ ನೀರ ಹಾಸೂ ಇಂಜಿನ್ ತಂದ್ಯಲ್ಲೋ."

"ಅಣ್ಣಾ, ಇದು ಕೆಟ್ರ ಹಿಪ್ಪರಗಿ ರೈತನೂ ಬಂದು ಬಿಚ್ಚತಾನ. ನಿನ್ನ ಗುಂಡಿ ಕೆಟ್ರ ಕೊಲ್ಲಾಪುರದಿಂದ ಮನಶಾ ಬರಬೇಕು. ಅಲ್ಲೀತನಕ ಆಕಿ ಉಸರು ಹಿಡಕೊಂಡು ಮಲಗಬೇಕೇನು?"

ಪಂಪಿಗೂ ಮಿಕ್ಸರಿಗೂ ರಾಚಪ್ಪ ಅದರ ತಂತಿ ಮುಟ್ಟಿಸಲಿಲ್ಲ. ಮಗಳ ಕೋಣೆಗೊಂದು, ಓಡಾಡುವವರು ಎಡವದ ಹಾಗೆ ಪಡಸಾಲೆಯ ಒಂದು ಬಲ್ಬಿಗೊಂದು. ಅಷ್ಟೇ. ಹೊಗೆ ಕೋಣೆಯ ಕಿಟಕಿಗೆ ಬರುತ್ತದೆಂದು ಇಂಜಿನ್ನಿನ ಕೊಳವೆಯನ್ನು ಹಿತ್ತಲ ಗೋಡೆಗಿಂತ ಎತ್ತರಕ್ಕೆ ಏರಿಸಿದ. ಕರೆಂಟು ಇರಲಿ ಬಿಡಲಿ, ಪ್ರತಿ ಸೋಮವಾರ ಲಿಂಗಪೂಜೆ ಮುಗಿದ ಮೇಲೆ ಅದೇ ವಿಭೂತಿಯ ಬೆರಳನ್ನು ಇಂಜಿನ್ನಿನ ಗಾಲಿಗೆ ಎಳೆದು, ಚಾಲೂ ಮಾಡಿ, ಮಗಳ ಫ್ಯಾನು ತಿರುಗುವುದನ್ನು ಕಿಟಕಿಯಿಂದ ನೋಡಿ, ಆಮೇಲೆ ನಿಲ್ಲಿಸುತ್ತಿದ್ದ. ಓಣಿಯವರು ನಗುತ್ತಿದ್ದರು. "ರಾಚಪ್ಪಗ ಎರಡು ಲಿಂಗ. ಒಂದು ಕೊಳ್ಳಾಗ, ಒಂದು ಹಿತ್ತಲದಾಗ. ಹಿತ್ತಲದ್ದಕ್ಕ ಸಿಟ್ಟು ಜಾಸ್ತಿ."

*

"ಅಮಸಿದ್ದಪ್ಪನ್ನ ಕರೀರಿ," ಎಂದ ಚನಮಲ್ಲಪ್ಪ. ಅಮಸಿದ್ದಪ್ಪ ಮಗ್ಗಗಳ ರಿಪೇರಿಯವನು. ಆದರೆ ಅವನು ಮುಧೋಳಕ್ಕೆ ಬೀಗರ ಮನೆಗೆ ಹೋಗಿದ್ದ. ಮೋಟರ್ ಸೈಕಲ್ಲಿನ ಮೇಲೆ ಒಬ್ಬನನ್ನು ಅಟ್ಟಿದರು.

ಮುಧೋಳಕ್ಕೆ ಹೋಗಿ ಬರುವುದೆಂದರೆ ಎಷ್ಟು ಹೊತ್ತು ಎನ್ನುವುದು ತಂಗೆವ್ವನಿಗೆ ಗೊತ್ತಿತ್ತು. ಒಳಗಿನ ಗೊರಗೊರ ಸದ್ದು ದಪ್ಪವಾಗುತ್ತಿತ್ತು. ಪಡಸಾಲೆಯ ಕಂಬದ ಮರೆಯಲ್ಲಿ ಇಬ್ಬರು ಹೆಂಗಸರು ಸೆರಗು ಬಾಯಿಗೆ ಅಡ್ಡ ಹಿಡಿದು ಮಾತಾಡಿಕೊಳ್ಳುತ್ತಿದ್ದರು.

"ಅಪ್ಪನ ಸಂಗಾಟ ಆಕೀನೂ ಹೋದ್ರ ಎಲ್ಲಾರಿಗೂ ಬಿಡಗಡಿ ನೋಡ."

"ಹಂಗ ಅನಬ್ಯಾಡ. ಆದ್ರೂ ಖರೇನ ಬಿಡು. ಇನ್ನ ಯಾರ ಮಾಡಾವ್ರು?"

ತಂಗೆವ್ವ ಅವರನ್ನು ದಾಟಿ ಹಿತ್ತಲ ಬಾಗಿಲಿಗೆ ನಡೆದಳು. ಬಾಗಿಲ ಬಳಿ ಕುಳಿತಿದ್ದ ಹಣಮವ್ವ ಕೋಲು ಅಡ್ಡ ಇಟ್ಟಳು. ಅವಳು ರಾಚಪ್ಪನ ಸೋದರತ್ತೆ, ಮನೆಗೆ ಈಗ ಹಿರಿಯಳು.

"ಎಲ್ಲಿಗೆ ಹೊಂಟಿ?"

"ಇಂಜಿನ್ ಚಾಲೂ ಮಾಡಾಕ, ಅತ್ತಿ."

"ಹುಚ್ಚಿ ಏನ ನೀ? ಹೆಣ ಎದ್ದು ಹೋಗೂತನಕ ಈ ಮನ್ಯಾಗ ಬೆಂಕಿ ಹತ್ತಬಾರದು, ಹೊಗಿ ಏಳಬಾರದು. ಒಲಿ ಹಚ್ಚಿಲ್ಲ ಯಾರೂ. ಚಾ ಸೈತ ಕರೆವ್ವನ ಮನಿಯಿಂದ ಬಂದೈತಿ. ಇಂಜಿನ್ನಿನ ಹೊಗಿ ಹೊಗಿ ಅಲ್ಲೇನು?"

"ಅವರ ಮುಂದ ದೀಪ ಉರಿಯಾಕತ್ತೈತಲ್ಲ ಅತ್ತಿ."

"ದೀಪದ ಮಾತ ಬ್ಯಾರೆ." ಇದನ್ನು ಅಂದವನು ಚನಮಲ್ಲಪ್ಪ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ತಮ್ಮನಿಗೆ ಮಾಡುವ ಕೊನೆಯ ಕೆಲಸದಲ್ಲಿ ಕೊರತೆ ಬರಬಾರದೆಂಬ ಭಯವಿತ್ತು. "ಅಮಸಿದ್ದಪ್ಪ ಬರೂದ್ರಾಗ ರಾಚಪ್ಪನ್ನ ಎತ್ತಿಬಿಡೂಣು. ಆಮ್ಯಾಲ ಹಚ್ಚೂಣು. ಅಯ್ಯಾರ, ಏನಂತೀರಿ?"

ಅಯ್ಯನವರು ಒಳಕೋಣೆಯ ಕಡೆ ಕಿವಿ ಇಟ್ಟಿದ್ದರು.

ತಂಗೆವ್ವ ಗಂಡನನ್ನು ತಿರುಗಿ ನೋಡಿದಳು. ಹಣೆತುಂಬ ವಿಭೂತಿ, ಮಡಿಲಲ್ಲಿ ಬಿಲ್ವಪತ್ರೆ, ಕಪ್ಪು ಹೋಗದ ಉಗುರು.

"ಅರ್ಧಾ ಮಾಡಿ ಬಿಟ್ಟು ಬಂದಾರ, ಭಾವಾರ," ಎಂದಳು. "ಅದನ್ನ ಮುಗಿಸಿ ಬರ್ತೀನಿ."

ಕೋಲನ್ನು ಕೈಯಿಂದ ಮೆಲ್ಲಗೆ ಸರಿಸಿ ಹೊಸ್ತಿಲು ದಾಟಿದಳು.

ಇಂಜಿನ್ನಿನ ಗುಡಿಸಲಿನಲ್ಲಿ ಎಲ್ಲವೂ ಅವನು ಇಟ್ಟ ಹಾಗೆಯೇ ಇತ್ತು. ಬಿರುಗಾಳಿಯ ರಾತ್ರಿಯೆಲ್ಲ ನಡೆದ ಇಂಜಿನ್ನು ಬೆಳಗಿನ ಜಾವಕ್ಕೆ ಕೆಮ್ಮಿತ್ತು. ಕರೆಂಟು ಬಂದದ್ದೇ ತಡ, ಮತ್ತೆ ಹೋಗುವುದರೊಳಗೆ ಸ್ವಚ್ಛ ಮಾಡಿಬಿಡಬೇಕೆಂದು ಅವನು ಡೀಸೆಲ್ ಸೋಸುವ ಫಿಲ್ಟರಿನ ಬಟ್ಟಲನ್ನು ಬಿಚ್ಚಿದ್ದ. ಅದನ್ನು ತೊಳೆದು ಪೇಪರಿನ ಮೇಲೆ ಬೋರಲು ಹಾಕಿದ್ದ. ನಟ್ಟುಗಳನ್ನು ಬಿಚ್ಚಿದ ಸಾಲಿನಲ್ಲಿಯೇ ಹಿತ್ತಾಳೆಯ ತಾಟಿನಲ್ಲಿ ಜೋಡಿಸಿದ್ದ. ಪಕ್ಕದಲ್ಲಿ ನಟ್ಟು ತಿರುಗಿಸುವ ಪಾನಾ, ಅದರ ಮೇಲೆ ಅರಿವೆ. ಎದ್ದು ನೀರು ಕುಡಿದು ಬರುತ್ತೇನೆ ಎಂದು ಹೋದವನ ಕೆಲಸದ ಹಾಗಿತ್ತು.

ತಂಗೆವ್ವನಿಗೆ ಆಗ ಅಳು ಬಂತು. ಅಳುತ್ತಲೇ ಕುಕ್ಕರಗಾಲಲ್ಲಿ ಕುಳಿತಳು.

*

ಇಂಜಿನ್ನು ಬಂದ ಹೊಸದರಲ್ಲಿ ರಾಚಪ್ಪ ಜ್ವರ ಬಿದ್ದಿದ್ದ. ಚೇತರಿಸಿಕೊಂಡ ಮೇಲೆ ಹೆಂಡತಿಯನ್ನು ಹಿತ್ತಲಿಗೆ ಕರೆದುಕೊಂಡು ಹೋದ.

"ನಾ ಇಲ್ಲದಾಗ ಯಾರ ಮಾಡ್ತಾರ? ಕಲಿ."

"ನನ್ನ ಕೈಲೆ ಆ ಗಾಲಿ ತಿರಗತೈತೇನ್ರಿ?"

"ಬೀಸೂಕಲ್ಲು ತಿರಗಸೂ ಕೈಗೆ ಇದೇನ ಭಾರ? ಇದರ ನೆತ್ತಿ ಮ್ಯಾಲ ಸಣ್ಣ ಹಿಡಿಕಿ ಐತಿ ನೋಡು. ಅದನ್ನ ಎತ್ತಿದ್ರ ಗಾಲಿ ಹಗರ ಆಗತೈತಿ. ತಿರಗಸಕೋತ ಕಿವಿ ಕೊಡು. ಒಳಗ ಕಿರ್ ಅಂತೈತಿ. ಅಂದ್ರ ಎಣ್ಣಿ ಮುಟ್ಟೇತಿ ಅಂತ. ಆವಾಗ ಹಿಡಿಕಿ ಬಿಡು. ಕಿರ್ ಅನ್ನದಿದ್ರ ಸುಮ್ನ ತಿರಗಸಬ್ಯಾಡ. ನಳಿಗ್ಯಾಗ ಗಾಳಿ ಕುಂತೈತಿ. ನಟ್ಟು ಸಡ್ಲ ಮಾಡಿ ಅದನ್ನ ಮೊದಲ ಬಿಡಬೇಕು." ಆಮೇಲೆ ಅವಳ ಕೈ ನೋಡಿ, "ಬಳಿ ತಗಿ" ಎಂದ.

"ಬಳಿ?"

"ಹ್ಯಾಂಡಲ್ ತಿರಗಿ ಹೊಡದ್ರ ಗಾಜು ನರಕ್ಕ ಹೋಗತೈತಿ. ಕೈನ ಹೋದೀತು."

ಅವನೇ ಅವಳ ಕೈಗೆ ಎಣ್ಣೆ ಸವರಿ ಹಸಿರು ಬಳೆಗಳನ್ನು ಒಂದೊಂದಾಗಿ ಜಾರಿಸಿದ. ಇಡಲು ಜಾಗ ಕಾಣದೆ ಗೋಡೆಗೆ ಒಂದು ಮೊಳೆ ಹೊಡೆದು ಅದಕ್ಕೆ ತೂಗುಹಾಕಿದ. ಅವಳು ನಗುತ್ತ ಗಾಲಿ ತಿರುಗಿಸಿದಳು. ಮೂರನೆಯ ಸಲಕ್ಕೆ ಇಂಜಿನ್ನು ಹಿಡಿಯಿತು.

ಸದ್ದು ಕೇಳಿ ಅತ್ತೆ ಶಿವವ್ವ ಹಿತ್ತಲಿಗೆ ಬಂದಳು. ಅವಳ ಹಿಂದೆ ಹಣಮವ್ವ. ಇಂಜಿನ್ನು ಅವರ ಕಣ್ಣಿಗೆ ಬೀಳಲಿಲ್ಲ. ಸೊಸೆಯ ಬರಿಗೈ ಬಿತ್ತು.

"ಗಂಡ ಮುಂದ ನಿಂತಾಗ ಕೈ ಬರಿದು ಮಾಡ್ಕೊಂಡ್ಯೇನ? ನನ್ನ ಮಗನ ಆಯುಷ್ಯ ನಿನಗ ಭಾರ ಆತೇನು?"

ಆ ದಿನ ಶಿವವ್ವ ಊಟ ಮಾಡಲಿಲ್ಲ. ಮರುದಿನವೂ ಮಾಡಲಿಲ್ಲ. ಕೊನೆಗೆ ತಂಗೆವ್ವ ಇನ್ನು ಆ ಗುಡಿಸಲಿಗೆ ಕಾಲಿಡುವುದಿಲ್ಲವೆಂದು ಅತ್ತೆಯ ಪಾದ ಮುಟ್ಟಿ ಹೇಳಬೇಕಾಯಿತು. ಎರಡು ವರ್ಷದ ಮೇಲೆ ಶಿವವ್ವ ತೀರಿಕೊಂಡಳು, ಆಡಿದ ಮಾತು ಉಳಿಯಿತು. ಮೊಳೆಯೂ ಉಳಿಯಿತು. ಗುಡಿಸಲಿನಲ್ಲಿ ಅರಿವೆ, ಹಗ್ಗ, ಪಟ್ಟಿ, ತೂಗುಹಾಕುವ ಸಾಮಾನು ಎಷ್ಟೋ ಇದ್ದವು. ರಾಚಪ್ಪ ಆ ಮೊಳೆಗೆ ಯಾವುದನ್ನೂ ಹಾಕಲಿಲ್ಲ.

*

ಬಟ್ಟಲನ್ನು ಕೂಡಿಸಿದಳು. ತಾಟಿನ ಸಾಲನ್ನು ಹಿಂದಿನಿಂದ ಮುಂದಕ್ಕೆ ಎಣಿಸಿಕೊಂಡು ನಟ್ಟುಗಳನ್ನು ಏರಿಸಿದಳು. ಕ್ಯಾನಿನ ಡೀಸೆಲ್ಲನ್ನು ಟಾಕಿಗೆ ಸುರಿದಳು. ಅರ್ಧ ಒಳಗೆ ಹೋಯಿತು, ಅರ್ಧ ಸೀರೆಯ ಮೇಲೆ. ಹ್ಯಾಂಡಲ್ ಹಿಡಿಯಲು ಹೋದ ಕೈ ನಿಂತಿತು.

ಅವನು ಇನ್ನೂ ಮನೆಯಲ್ಲಿಯೇ ಇದ್ದಾನೆ. ಪಡಸಾಲೆಯಲ್ಲಿ ಕುಳಿತಿದ್ದಾನೆ. ಸ್ವಲ್ಪ ಹೊತ್ತಿಗೆ ಅವನ ಪಕ್ಕದಲ್ಲಿ ತನ್ನನ್ನು ಕೊನೆಯ ಸಲ ಮುತ್ತೈದೆಯಾಗಿ ಕೂಡಿಸುತ್ತಾರೆ. ಈ ಬಳೆಗಳು ಅಲ್ಲಿಯವರೆಗಾದರೂ ತನ್ನವು.

"ತಂಗೆವ್ವಾ," ಕಿಟಕಿಯಿಂದ ಕರೆವ್ವನ ದನಿ ನಡುಗುತ್ತ ಬಂತು. "ತುಟಿ ನೀಲಿ ಆಗಾಕತ್ತಾವ ಬೇ. ಪಿಚಕಾರಿಗೆ ಏನೂ ಬರವಲ್ದು."

ತಂಗೆವ್ವ ಡಬ್ಬಿಯ ಎಣ್ಣೆಯಲ್ಲಿ ಕೈ ಅದ್ದಿದಳು. ಬಳೆಗಳು ಜಾರಿ ಬಂದವು. ನೋಡದೆಯೇ ಮೊಳೆಗೆ ಹಾಕಿದಳು. ಅದು ಎಲ್ಲಿದೆಯೆಂದು ಕೈಗೆ ನೆನಪಿತ್ತು.

ನೆತ್ತಿಯ ಹಿಡಿಕೆ ಎತ್ತಿ ಗಾಲಿ ತಿರುಗಿಸಿದಳು. ಹಗುರಾಗಿಯೇ ತಿರುಗಿತು, ಒಳಗೆ ಸದ್ದಿಲ್ಲ. ಇನ್ನಷ್ಟು ಜೋರಾಗಿ ತಿರುಗಿಸಿದಳು. ರಟ್ಟೆ ಸೋತು ಬಂತು. ಶಿವನೇ, ಶಿವನೇ ಎಂದು ತಿರುಗಿಸಿದಳು. ಕಿರ್ ಎನ್ನಲಿಲ್ಲ. ಅನ್ನದಿದ್ದರೆ ಸುಮ್ಮನೆ ತಿರುಗಿಸಬೇಡ ಎಂದಿದ್ದ. ಹ್ಯಾಂಡಲ್ ಬಿಟ್ಟು ಪಾನಾ ಹಿಡಿದಳು. ಯಾವ ನಟ್ಟು? ಬಟ್ಟಲಿನ ಮೇಲಿನದು. ಎಡಕ್ಕೆ ಸಡಿಲಿಸಿದಳು. ನೊರೆ ಬಂತು, ಗುಳ್ಳೆ ಬಂತು, ಕೊನೆಗೆ ಡೀಸೆಲ್ ಒಂದೇ ಎಳೆಯಾಗಿ ಹರಿಯಿತು. ಬಿಗಿದಳು.

ಒಳಗಿನಿಂದ ಟಕ್ ಸದ್ದು ಬಹಳ ಹೊತ್ತಿನಿಂದ ಕೇಳಿರಲಿಲ್ಲ.

ಮತ್ತೆ ತಿರುಗಿಸಿದಳು. ಈ ಸಲ ಒಳಗೆ ಎಲ್ಲಿಯೋ ಎಣ್ಣೆಯಿಲ್ಲದ ಬಾಗಿಲು ತೆರೆದ ಹಾಗೆ ಕಿರ್ ಎಂದಿತು. ಇನ್ನೊಂದು ಸುತ್ತು, ಕಿರ್. ಹಿಡಿಕೆ ಬಿಟ್ಟಳು. ಇಂಜಿನ್ನು ಒಮ್ಮೆ ಗುದ್ದಿತು, ತಡೆಯಿತು, ಮತ್ತೆ ಗುದ್ದಿತು. ಆಮೇಲೆ ನಿಲ್ಲದೆ ಗುದ್ದತೊಡಗಿತು. ಗೋಡೆಯ ಮೇಲಿನ ದೊಡ್ಡ ಸ್ವಿಚ್ಚನ್ನು ಎರಡೂ ಕೈಯಿಂದ ಕೆಳಕ್ಕೆ ಎಳೆದಳು. ಹಿತ್ತಲ ಗೋಡೆಯ ಮೇಲೆ ಕಪ್ಪು ಹೊಗೆ ಎದ್ದಿತು.

ಪಡಸಾಲೆಯಲ್ಲಿ ರಾಚಪ್ಪನ ತಲೆಯ ಮೇಲಿನ ಬಲ್ಬು ಹತ್ತಿತು. ಅಳುತ್ತಿದ್ದವರು ಅಳು ನಿಲ್ಲಿಸಿ ಅದನ್ನೇ ನೋಡಿದರು. ಅಯ್ಯನವರು ಕೈ ಮುಗಿದರು. ಬಲ್ಬಿಗೋ, ಅದರ ಕೆಳಗೆ ಕುಳಿತವನಿಗೋ, ಯಾರೂ ಕೇಳಲಿಲ್ಲ.

ತಂಗೆವ್ವ ಕೋಣೆಗೆ ಓಡಿಬಂದಾಗ ಯಂತ್ರ ಗುಂಯ್ ಎನ್ನುತ್ತಿತ್ತು. ಕರೆವ್ವನ ಕೈಯಿಂದ ಕೊಳವೆ ಕಸಿದುಕೊಂಡಳು. ಮೊದಲು ಏನೂ ಬರಲಿಲ್ಲ. ಆಮೇಲೆ ಗಾಜಿನ ಬಾಟಲಿಯೊಳಗೆ ದಪ್ಪನೆಯ ಕಫ ಬಂದು ಬಿತ್ತು. ಮಹಾನಂದಾಳ ಎದೆ ಒಮ್ಮೆ ಏರಿತು. ಸ್ವಲ್ಪ ಹೊತ್ತಿಗೆ ತುಟಿಗೆ ಬಣ್ಣ ಬಂತು. ಕಣ್ಣು ತೆರೆದವಳು ಇಂಜಿನ್ನಿನ ಸದ್ದು ಆಲಿಸಿದಳು. ಮುಖ ಅರಳಿತು. ಮತ್ತೆ ಬಾಗಿಲ ಕಡೆ ನೋಡಿ ನಾಲಗೆ ಬಡಿದಳು.

ಅಪ್ಪ ಬಂದ ಎಂದುಕೊಂಡಿದ್ದಳು.

ಬೆಳಿಗ್ಗೆಯಿಂದ ಅವಳಿಗೆ ಯಾರೂ ಹೇಳಿರಲಿಲ್ಲ. ಬಾಯಿ ಬಿಟ್ಟು ಹೇಳುವುದು ತಂಗೆವ್ವನಿಗೂ ಆಗಲಿಲ್ಲ. ಎಣ್ಣೆಗೈಯನ್ನು ಮಗಳ ಹಣೆಯ ಮೇಲೆ ಇಟ್ಟಳು. ಮಹಾನಂದಾ ಆ ಬರಿ ಮಣಿಕಟ್ಟನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಮತ್ತೆ ನಾಲಗೆ ಬಡಿಯಲಿಲ್ಲ. ಕಣ್ಣಿನ ಎರಡೂ ಕಡೆಯಿಂದ ನೀರು ಕಿವಿಗೆ ಇಳಿಯಿತು. ಅದನ್ನು ತಾಯಿ ಒರೆಸಿದಳು.

ಹೆಣ ಕೂಡಿಸಿ ಒಯ್ಯುವ ವಿಮಾನ ಕಟ್ಟಿದ್ದಾಯಿತು. ಬಾಳೆಯ ಕಂಬ, ಚೆಂಡು ಹೂವಿನ ಸರ. ಹಲಗೆ ಬಾರಿಸುವವರು ಓಣಿಯಲ್ಲಿ ಹಲಗೆ ಕಾಯಿಸಿಕೊಂಡು ನಿಂತರು. ಹೆಂಗಸರು ತಂಗೆವ್ವನನ್ನು ಕರೆತಂದು ಗಂಡನ ಪಕ್ಕದಲ್ಲಿ ಕೂಡಿಸಿದರು. ಕುಂಕುಮದ ಬಟ್ಟಲು ಹಿಡಿದ ಹಣಮವ್ವ ಅವಳ ಕೈ ಎತ್ತಿದಳು, ಎತ್ತಿದವಳು ಹಾಗೆಯೇ ಬಿಟ್ಟುಬಿಟ್ಟಳು.

"ಬಳಿ ಎಲ್ಲಿ?"

ತಂಗೆವ್ವ ಹಿತ್ತಲ ಬಾಗಿಲಿನ ಕಡೆ ನೋಡಿದಳು.

"ಮಣ್ಣಿಗೆ ಒಯ್ಯೂದಕಿಂತ ಮೊದಲ ತಗದ್ಯೇನ? ಯಾರೂ ತಗೀಲಾರದ ನಿನ್ನ ಕೈಲೆ ನೀನ ತಗದ್ಯೇನ?" ಮುದುಕಿಯ ದನಿ ಒಡೆಯಿತು. ಸುತ್ತಲಿನ ಹೆಂಗಸರು ಬಾಯಿ ಬಡಿದುಕೊಂಡರು. "ಅವತ್ತ ನಮ್ಮ ವೈನಿ ಶಿವವ್ವ ಅಂದಿದ್ಲು. ಅಂದಾಂಗ ಆತು."

"ಹಿತ್ತಲದಾಗ ಅದಾವ, ಅತ್ತಿ."

"ತರಸ್ತೀನಿ. ಕರೆವ್ವಾ, ಹೋಗು."

ಕರೆವ್ವ ಒಳಕೋಣೆಯ ಬಾಗಿಲಲ್ಲಿ ಕುಳಿತಲ್ಲಿಂದ ಏಳಲಿಲ್ಲ. "ನಾ ಹೋಗಾಂಗಿಲ್ಲ ಆಯೀ. ಬೇಕಾದ್ರ ನೀವ ಹೋಗ್ರಿ."

ಹಣಮವ್ವ ಕೋಲು ಊರಿಕೊಂಡು ತಾನೇ ಹೋದಳು. ಹೋದವಳು ಬೇಗ ಬರಲಿಲ್ಲ. ಹೊತ್ತು ಇಳಿಯುತ್ತಿದೆ ಎಂದು ಗಂಡಸರು ಅವಸರ ಮಾಡಿದರು. ಬಂದಾಗ ಅವಳ ಕೈಯಲ್ಲಿ ಬಳೆ ಇರಲಿಲ್ಲ, ಬೆರಳಿಗೆ ಬಳೆಯ ಎಣ್ಣೆ ಹತ್ತಿತ್ತು. ಯಾರ ಮುಖವನ್ನೂ ನೋಡದೆ ಕುಳಿತು, ತಂಗೆವ್ವನ ಹಣೆಗೆ ಅಗಲವಾಗಿ ಕುಂಕುಮ ಹಚ್ಚಿದಳು.

"ಎತ್ರಿ," ಎಂದಳು.

ಎತ್ತಿದರು. ಕೂಡಿಸಿದ ಹಾಗೆಯೇ, ಊರಿಗೆ ಹೊರಟವನ ಹಾಗೆ ರಾಚಪ್ಪ ಬಾಗಿಲು ದಾಟಿದ. ಹೊಸ್ತಿಲಲ್ಲಿ ಚನಮಲ್ಲಪ್ಪ ತಮ್ಮನ ಹೆಂಡತಿಯ ಕಡೆ ತಿರುಗಿದ.

"ಬರಾಂಗಿಲ್ಲೇನವಾ? ಒಂದ ಹಿಡಿ ಮಣ್ಣು..."

"ಟಾಕ್ಯಾಗ ಎಣ್ಣಿ ಕಡಿಮಿ ಐತ್ರಿ, ಭಾವಾರ. ನಾ ಬಂದ್ರ ಯಾರು ಹಾಕಾವ್ರು?"

ಅವನು ಹೆಗಲ ಮೇಲಿನ ವಿಮಾನದ ಬೊಂಬನ್ನು ಸರಿಪಡಿಸಿಕೊಂಡು ಮುಂದೆ ನಡೆದ. ಕಟ್ಟೆಯ ಮೇಲೆ ಉಳಿದ ಇಬ್ಬರು ಮುದುಕರ ಮಾತು ಮಾತ್ರ ಕೇಳಿಸಿತು. "ಇವತ್ತೇನೋ ಆತು. ನಾಳಿಗೆ?" "ನಾಳಿಗೆ ಶಿವ."

ಹಲಗೆಯ ಸದ್ದು ಓಣಿ ತಿರುಗಿತು, ಊರ ಅಗಸಿ ದಾಟಿತು, ಸಣ್ಣಗಾಯಿತು. ತಂಗೆವ್ವ ಹಿತ್ತಲಿಗೆ ಬಂದಳು. ಟಾಕಿಗೆ ಡೀಸೆಲ್ ಸುರಿದಳು. ಈ ಸಲ ಒಂದು ಹನಿಯೂ ಹೊರಗೆ ಬೀಳಲಿಲ್ಲ. ಗಾಲಿಯ ಮೇಲೆ ಬೆಳಿಗ್ಗೆ ಅವನು ಎಳೆದ ವಿಭೂತಿ ಸುತ್ತುವ ವೇಗದಲ್ಲಿ ಒಂದು ಬಿಳಿಯ ಬಳೆಯಾಗಿತ್ತು.

ಇಂಜಿನ್ನಿನ ಗುದ್ದಿಗೆ ಗುಡಿಸಲಿನ ಗೋಡೆ ಸಣ್ಣಗೆ ನಡುಗುತ್ತಿತ್ತು. ಮೊಳೆಯ ಮೇಲಿನ ಹಸಿರು ಬಳೆಗಳು ಒಂದಕ್ಕೊಂದು ತಾಗಿ, ಬಿಡುವಿಲ್ಲದೆ, ಕೆಲಸದಲ್ಲಿರುವ ಕೈಯ ಮೇಲಿನ ಬಳೆಗಳ ಹಾಗೆ ಸದ್ದು ಮಾಡುತ್ತಿದ್ದವು. ಅವಳು ಅದರ ಕೆಳಗೆ ಕುಳಿತು, ಸೆರಗಿನ ತುದಿಯಿಂದ ಪಾನಾ ಒರೆಸತೊಡಗಿದಳು.